ದಣಿದ ಮನಸ್ಸಿಗೆ ಮಲೆನಾಡಿನಲ್ಲಿ ಮೂರು ದಿನ: ಸಿದ್ಧತೆ ಮತ್ತು ಕ್ರಮ

ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆ ಎಲ್ಲವನ್ನೂ ಎರಡೇ ದಿನಗಳಲ್ಲಿ ಮುಗಿಸುವ ಪ್ರವಾಸದಿಂದ ಫೋಟೊಗಳು ಸಿಗುತ್ತವೆ, ವಿಶ್ರಾಂತಿ ಸಿಗುವುದು ಕಷ್ಟ. ಕೆಲಸದ ಒತ್ತಡದಿಂದಲೋ, ಮನೆಯಲ್ಲಿ ರೋಗಿಯನ್ನು ನೋಡಿಕೊಂಡ ಬಳಲಿಕೆಯಿಂದಲೋ, ಆಪ್ತರನ್ನು ಕಳೆದುಕೊಂಡ ದುಃಖದಿಂದಲೋ ಕುಗ್ಗಿದವರು ಒಂದೇ ಊರಿನಲ್ಲಿ ಮೂರು ರಾತ್ರಿ ತಂಗಿ, ಪ್ರತಿದಿನವೂ ಒಂದೇ ದಾರಿಯಲ್ಲಿ ನಡೆಯುವುದು ಹೆಚ್ಚು ಫಲಕಾರಿ. ಗಮನವನ್ನು ಬಲವಂತದಿಂದ ಒಂದೆಡೆ ಹಿಡಿದಿಡುವ ಶಕ್ತಿ ದಣಿಯುತ್ತದೆ, ನಿಸರ್ಗವು ಆಯಾಸವಿಲ್ಲದೆ ಗಮನವನ್ನು ಸೆಳೆಯುವುದರಿಂದ ಆ ಶಕ್ತಿ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ಪ್ರತಿಪಾದಿಸಿದ್ದಾರೆ. ಗಂಟೆಗೊಂದು ಸ್ಥಳ ನೋಡುವ ಅವಸರದಲ್ಲಿ ಈ ಚೇತರಿಕೆಗೆ ಅವಕಾಶವೇ ಇರುವುದಿಲ್ಲ.

ತಂಗಲು ತೀರ್ಥಹಳ್ಳಿ ಅಥವಾ ಹೊಸನಗರ ತಾಲ್ಲೂಕಿನ, ಅಡಿಕೆ ತೋಟದ ಪಕ್ಕದ ಹೋಂಸ್ಟೇ ಸಾಕು. ರಾತ್ರಿ ಧ್ವನಿವರ್ಧಕ ಹಾಕುತ್ತಾರೆಯೇ ಎಂಬುದನ್ನು ಮಾತ್ರ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ತೀರ್ಥಹಳ್ಳಿಯ ಬಸ್ಸು ಹಿಡಿಯುವುದು ಕಾರಿಗಿಂತ ಒಳ್ಳೆಯದು; ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವ ಆ ದಾರಿಯಲ್ಲಿ ಆಗಾಗ ತುಂಗೆ ಕಾಣಿಸುತ್ತಾಳೆ, ಚಾಲನೆಯ ಚಿಂತೆಯೂ ನಿಮಗಿರುವುದಿಲ್ಲ.

ಕಾಲದ ಆಯ್ಕೆಯಲ್ಲಿ ಎಚ್ಚರ ಬೇಕು. ಮಳೆಗಾಲದ ಮಲೆನಾಡಿನ ಸೊಬಗಿಗೆ ಸಾಟಿಯಿಲ್ಲವಾದರೂ, ವಾರಗಟ್ಟಲೆ ಬಿಸಿಲು ಕಾಣದ ಜಡಿಮಳೆ ಮೊದಲೇ ಕುಗ್ಗಿದ ಮನಸ್ಸನ್ನು ಇನ್ನಷ್ಟು ಕುಗ್ಗಿಸಬಹುದು. ಹಳ್ಳಗಳು ನೋಡನೋಡುತ್ತಲೇ ಏರುತ್ತವೆ, ಪಾಚಿಗಟ್ಟಿದ ಕಲ್ಲು ಜಾರುತ್ತದೆ, ರಕ್ತ ಹೀರುವ ಇಂಬಳವಂತೂ (ಜಿಗಣೆ) ಇದ್ದೇ ಇರುತ್ತದೆ. ಕಚ್ಚಿದ ಇಂಬಳವನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಗಾಯವನ್ನು ತೊಳೆದರೆ ಸಾಕು. ಬೇಸಿಗೆಯ ತೊಂದರೆ ಬೇರೆ ಬಗೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗು ಎಂಬ, ರಕ್ತ ಹೀರುವ ಸಣ್ಣ ಹುಳುವಿನ ಕಡಿತದಿಂದ ಹರಡುತ್ತದೆ ಮತ್ತು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಕಾಡಿನ ತರಗೆಲೆಯ ಮೇಲೆ ಕೂರಬಾರದು. ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲ ಹಚ್ಚಿಕೊಂಡು ಹೋಗಬೇಕು, ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹೀಗೆ ಲೆಕ್ಕ ಹಾಕಿದರೆ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಅನುಕೂಲ.

ಮೊದಲ ದಿನ ಏನನ್ನೂ ಯೋಜಿಸದೆ ನಿದ್ದೆಗೆ ಬಿಡಿ. ಎರಡನೆಯ ದಿನ ಬೆಳಗಿನ ಕಷಾಯ ಕುಡಿದು, ಹೋಂಸ್ಟೇಯವರು ಸುರಕ್ಷಿತವೆಂದು ಹೇಳಿದ ದಾರಿಯಲ್ಲಿ, ಮೊಬೈಲನ್ನು ಕೋಣೆಯಲ್ಲೇ ಬಿಟ್ಟು, ಒಂದು ಗಂಟೆ ನಡೆಯಿರಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಅವರಿಗೆ ತಿಳಿಸಿರಿ. ನಡುವೆ ಒಂದು ಕಡೆ ಅರ್ಧ ಗಂಟೆ ಕೂತು ಒಂದೇ ವಸ್ತುವನ್ನು ಗಮನಿಸಬೇಕು. ಅಡಿಕೆ ತೋಟವಾದರೆ ಮರದಿಂದ ಕಳಚಿದ ಹಾಳೆ ಧೊಪ್ಪೆಂದು ಬೀಳುವುದು, ಅದರ ಬಟ್ಟಲಿನಂಥ ಬುಡದಲ್ಲಿ ನಿಂತ ಇಬ್ಬನಿ ನೀರಿಗೆ ಇರುವೆಗಳು ಬಂದು ಅಂಚಿನಲ್ಲೇ ಸುತ್ತುವುದು, ಇಷ್ಟನ್ನು ನೋಡುವುದಕ್ಕೇ ಅರ್ಧ ಗಂಟೆ ಸಾಲದು. ಹಳೆಯ ಚಿಂತೆಗಳು ನಡುವೆ ಬರುತ್ತವೆ. ಅವುಗಳನ್ನು ಓಡಿಸಲು ಹೆಣಗದೆ ಕಣ್ಣನ್ನು ಮತ್ತೆ ಹಾಳೆಯ ಕಡೆಗೆ ತಂದರಾಯಿತು. ಅಳು ಬಂದರೆ ತಡೆಯಬೇಕಾಗಿಲ್ಲ. ಮೂರನೆಯ ದಿನವೂ ಅದೇ ದಾರಿ ಹಿಡಿಯಿರಿ. ಮೊದಲು ಬರಿಯ ಹಸಿರಾಗಿ ಕಂಡದ್ದರಲ್ಲಿ ಈಗ ಒಂದೊಂದೇ ಮರ ಬೇರೆಯಾಗಿ ಕಾಣತೊಡಗುತ್ತದೆ, ಕುಟ್ರು ಹಕ್ಕಿಯ ಕೂಗು ಯಾವ ಕಡೆಯಿಂದ ಬಂತೆಂಬುದೂ ತಿಳಿಯುತ್ತದೆ.

ಸಂಜೆ ಬೇಕಿದ್ದರೆ ಕುಪ್ಪಳಿಯ ಕವಿಶೈಲಕ್ಕೋ ಕುಂದಾದ್ರಿಗೋ ಹೋಗಿ ಬರಬಹುದು, ಆದರೆ ಒಂದಕ್ಕೇ. ಭಾನುವಾರವಾದರೆ ಎರಡನ್ನೂ ಬಿಟ್ಟು ಜಗಲಿಯಲ್ಲಿ ಕೂರುವುದು ಮೇಲು.

ಮರಳಿದ ಮೇಲೆ ಈ ಅಭ್ಯಾಸವನ್ನು ಚಿಕ್ಕದಾಗಿ ಮುಂದುವರಿಸಬೇಕು. ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದಲ್ಲಿ ಕಳೆದವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚೆಂದು ಕಂಡುಕೊಂಡಿತು. ಅದನ್ನು ಒಮ್ಮೆಲೇ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸವಿರಲಿಲ್ಲ. ಇದರಿಂದ ಕಾರಣ ಸಾಬೀತಾಗುವುದಿಲ್ಲವಾದರೂ, ಶಿವಮೊಗ್ಗದವರಿಗೆ ತುಂಗೆಯ ದಂಡೆಯಲ್ಲೋ ಕೂಡಲಿಯಲ್ಲೋ ಅಷ್ಟು ಹೊತ್ತು ಕಳೆಯುವುದು ದೊಡ್ಡ ಖರ್ಚಿನ ಮಾತಲ್ಲ. ಆದರೆ ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ಬದುಕೇ ಬೇಡವೆನಿಸಿದರಂತೂ ಒಂದು ದಿನವನ್ನೂ ಕಾಯದೆ, ಪ್ರವಾಸದ ಯೋಚನೆಯನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು ಅಥವಾ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.