ಜರ್ಮನಿಗೆ ಹೊರಟವರೇ, ರಾತ್ರಿ ಹತ್ತರ ಮೇಲೆ ರೊಟ್ಟಿ ಬಡಿಯಬೇಡಿ

ನಾನು ಬಾಗಲಕೋಟೆ ಬಿಟ್ಟು ಜರ್ಮನಿಗೆ ಹೋಗಿ 11 ವರ್ಷ ಆಯಿತು. ಈ ಸಲ ರಜೆಗೆ ನವನಗರಕ್ಕೆ ಬಂದಾಗ, ಅಲ್ಲಿಗೆ ಓದಲು ಹೊರಟ ಮೂವರು ಹುಡುಗರು ಮನೆಗೆ ಬಂದಿದ್ದರು. ವೀಸಾ, ಬ್ಯಾಂಕು, ಚಳಿಯ ಕೋಟು ಎಲ್ಲಾ ಕೇಳಿದರು. ಅಲ್ಲಿನ ಮಂದಿಯ ಜೊತೆ ಹೇಗಿರಬೇಕು ಅಂತ ಯಾರೂ ಕೇಳಲಿಲ್ಲ. ನಾನು ಎಡವಿದ್ದೆಲ್ಲಾ ಅಲ್ಲೇ.

ಹೋದ ಮೊದಲ ತಿಂಗಳು. ಕೆಲಸ ಮುಗಿಸಿ ಬಂದು, ಹಿಟ್ಟು ನಾದಿ ರೊಟ್ಟಿ ಬಡಿಯಲು ಶುರು ಮಾಡಿದಾಗ ರಾತ್ರಿ ಹತ್ತೂವರೆ. ನಾಲ್ಕನೇ ರೊಟ್ಟಿಗೆ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಅಜ್ಜಿ. ನಾನು ಗೋಡೆಗೆ ಮೊಳೆ ಹೊಡೆಯುತ್ತಿದ್ದೇನೆ ಅಂದುಕೊಂಡಿದ್ದರು. ಕೈಗೆ ಅಂಟಿದ ಜೋಳದ ಹಿಟ್ಟು ತೋರಿಸಿದೆ. ಅವರು ನಗಲಿಲ್ಲ, ಗಡಿಯಾರ ತೋರಿಸಿದರು. ಅಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರ ಇಡೀ ದಿನ ಮಾಡುವಂತಿಲ್ಲ. ಇದಕ್ಕೆ 'ರೂಹೆತ್ಸೈಟ್' ಅಂತಾರೆ. ಖಾಲಿ ಗಾಜಿನ ಬಾಟಲಿಯನ್ನು ಓಣಿಯ ಡಬ್ಬಕ್ಕೆ ಹಾಕುವುದೂ ಭಾನುವಾರ ಬೇಡ. ಅಂಗಡಿಗಳೂ ಮುಚ್ಚಿರುತ್ತವೆ, ಹಾಲು-ಮೊಸರು ಶನಿವಾರವೇ ತಂದಿಡಿ. ಭಾನುವಾರದ ವಿಶ್ರಾಂತಿ ಅವರ ಸಂವಿಧಾನದಲ್ಲೇ ಇದೆ.

ನನಗೆ ಸಿಟ್ಟು ಬಂದಿದ್ದು ನಿಜ. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಪಕ್ಕದ ಮನೆಯ ಮಕ್ಕಳು ಓಡಿ ಬರುತ್ತಾರೆ, ಅಲ್ವಾ? ಹಳೇ ಊರಿನ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ನವನಗರದ ಸೆಕ್ಟರ್‌ಗೆ ಬಂದ ಮೇಲೆ ನಮ್ಮವ್ವ, "ಇಲ್ಲಿ ಮಂದಿ ಬಾಗಲಾ ಹಾಕ್ಕೊಂಡ ಕುಂಡ್ರತಾರ" ಅಂತ ವರ್ಷಗಟ್ಟಲೆ ಬೈದಳು. ಜರ್ಮನಿಯಲ್ಲಿ ಬಾಗಿಲು ಹಾಕಿಕೊಂಡಿರುವುದೇ ಮರ್ಯಾದೆ. ನಾವು ಪ್ರೀತಿಯಿಂದ ವಿಚಾರಿಸಿದರೆ ಅವರಿಗೆ ಮೂಗು ತೂರಿಸಿದ ಹಾಗೆ. ಪಗಾರ ಎಷ್ಟು, ಮದುವೆ ಯಾಕೆ ಆಗಿಲ್ಲ, ಮಕ್ಕಳು ಯಾವಾಗ, ಇದ್ಯಾವುದೂ ಬಾಯಿಂದ ಬರಬಾರದು. ಹೇಳದೆ ಕೇಳದೆ ಯಾರ ಮನೆಗೂ ಹೋಗಬೇಡಿ.

ಕರೆದು ಹೋದರೆ ಸಂಕೋಚ ಬೇಡ. ನಮ್ಮಲ್ಲಿ "ಸಾಕ್ರಿ, ಸಾಕು" ಅಂದಷ್ಟೂ ಇನ್ನೊಂದು ಹೋಳಿಗೆ ಎಲೆಗೆ ಬೀಳುತ್ತದೆ. ಅಲ್ಲಿ ಬೇಡ ಅಂದರೆ ಬೇಡವೇ. ಸಹೋದ್ಯೋಗಿಯ ಮನೆಯಲ್ಲಿ ಒಂದು ಸಲ ಸುಮ್ನೆ ಬಾಯಿಮಾತಿಗೆ ಬೇಡ ಅಂದೆ, ಪಾತ್ರೆ ಸೀದಾ ಒಳಗೆ ಹೋಯಿತು, ಮನೆಗೆ ಬಂದು ಚುರಮರಿ ತಿಂದು ಮಲಗಿದೆ. ಹೋಟೆಲ್ಲಿನಲ್ಲಿ ಅವರವರ ಬಿಲ್ಲು ಅವರವರದು. ಜಿಪುಣರು ಅಂತ ತಿಳಿಯಬೇಡಿ, ಋಣ ಇಟ್ಟುಕೊಳ್ಳಲು ಅವರಿಗೆ ಆಗಲ್ಲ ಅಷ್ಟೇ. ಹುಟ್ಟುಹಬ್ಬ ನಿಮ್ಮದಾದರೆ ಆಫೀಸಿಗೆ ಕೇಕ್ ನೀವೇ ಒಯ್ಯಬೇಕು. ಒಂದು ದಿನ ಮೊದಲೇ ಶುಭಾಶಯ ಹೇಳಿದರೆ ಅಪಶಕುನವಂತೆ! ಶಕುನ ನೋಡುವವರು ನಾವಷ್ಟೇ ಅಂದುಕೊಂಡಿದ್ದೆ.

ಎರಡು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಒಂದು, ಬಾಗಿಲಿಗೆ, ಹೊಸ ಕಾರಿಗೆ ಬರೆಯುವ ಸ್ವಸ್ತಿಕ. ಹಿಟ್ಲರನ ನಾಜಿ ಪಕ್ಷದ ಗುರುತೂ ಇಂಥದ್ದೇ, ಆ ಪಕ್ಷದ ಚಿಹ್ನೆಗಳನ್ನು ತೋರಿಸುವುದು ಅಲ್ಲಿ ಅಪರಾಧ. ನಮ್ಮದು ಬೇರೆ ಅಂತ ನಮಗೆ ಗೊತ್ತು, ದಾರಿಯಲ್ಲಿ ಹೋಗುವವರಿಗೆ ಗೊತ್ತಿಲ್ಲ. ನಾಜಿಗಳ ಕೈಯಲ್ಲಿ ಸತ್ತವರ ಮೊಮ್ಮಕ್ಕಳು ನಿಮ್ಮ ಓಣಿಯಲ್ಲೇ ಇರಬಹುದು. ದೇವರ ಮನೆಯೊಳಗೆ ಇಟ್ಟುಕೊಳ್ಳಿ, ಹೊರಗೆ ಬರೀ ರಂಗೋಲಿ ಸಾಕು. ಎರಡು, ಮಕ್ಕಳಿಗೆ ಕೈ ಎತ್ತುವುದು. ನಾನೂ ಅಪ್ಪನ ಕೈಯಲ್ಲಿ ಏಟು ತಿಂದು ಬೆಳೆದವನೇ, ಆದರೂ ಈ ಮಾತಿನಲ್ಲಿ ನನ್ನ ಓಟು ಅವರಿಗೇ. 2000ದಿಂದ ಅಲ್ಲಿನ ಕಾನೂನು ಹೊಡೆಯುವುದನ್ನು ಒಪ್ಪಲ್ಲ, ಸ್ವಂತ ಮಗುವಿಗೂ.

ಇನ್ನು ಆ ಹುಡುಗರು ಕೊನೆಗೆ ಕೇಳಿದ್ದು, ಅಲ್ಲಿನ ನೆರೆಯವರಿಗೆ ಬೆಳಗಾವಿ ಕುಂದಾ ಒಯ್ಯಬಹುದಾ ಅಂತ. ಹಾಲಿನ ಪದಾರ್ಥ ಯುರೋಪಿನೊಳಗೆ ಬಿಡಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಡಬ್ಬ ಸೇರುತ್ತದೆ. ತುಪ್ಪ ಹಾಕದ ಶೇಂಗಾ ಉಂಡಿ ಒಯ್ಯಿರಿ. ಕೊಡುವ ಮೊದಲು ಶೇಂಗಾ ಆಗುತ್ತದೆಯೇ ಅಂತ ಕೇಳಿ. ಇದೊಂದನ್ನು ಕೇಳಿದರೆ ಅವರು ಬೇಜಾರು ಮಾಡಿಕೊಳ್ಳಲ್ಲ.