ಮಡಿಕೇರಿಯಲ್ಲಿ ಮನೆ ಮಾಡುವ ಮುಂಚೆ ಊರವರನ್ನು ಏನೇನು ಕೇಳಬೇಕು

"ಮಡಿಕೇರಿಗೆ ಬಂದು ಇರೋಣ ಅಂತಿದ್ದೀವಿ, ಊರು ಹೇಗಿದೆ?" ಅಂತ ಇಲ್ಲಿ ಯಾರನ್ನಾದರೂ ಕೇಳಿ ನೋಡಿ. "ಚೆನ್ನಾಗಿದೆ, ಮಳೆ ಸ್ವಲ್ಪ ಜಾಸ್ತಿ" ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಸುಳ್ಳೇನೂ ಹೇಳಿಲ್ಲ, ಆದರೆ ಅದನ್ನು ನಂಬಿ ಅಡ್ವಾನ್ಸ್ ಕೊಡೋಕಾಗಲ್ಲ. ಹೊರಗಿನವರು ಬಂದು ಊರು ಹೇಗಿದೆ ಅಂದರೆ ಯಾರೂ ಊರಿನ ಮಾನ ಕಳೆಯುವುದಿಲ್ಲ. ಅದಕ್ಕೇ ಪ್ರಶ್ನೆಯನ್ನೇ ಬದಲಾಯಿಸಬೇಕು, ಕೇಳುವ ಜನರನ್ನೂ ಬದಲಾಯಿಸಬೇಕು.

ಮೊದಲು ಯಾರನ್ನು ಕೇಳಬಾರದು ಅಂತ ಹೇಳಿಬಿಡುತ್ತೇನೆ. ಮನೆ ತೋರಿಸುವ ಬ್ರೋಕರ್, ಹೋಂಸ್ಟೇ ಮಾಲೀಕರು, ಬೆಂಗಳೂರಿನಲ್ಲಿ ನೆಲೆಸಿ ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು ಹೋಗುವ ಕೊಡಗಿನವರು. ಕೊನೆಯವರು ಒಳ್ಳೆಯವರೇ, ಆದರೆ ಅವರು ಹೇಳುವುದು ಸುಗ್ಗಿ ಹಬ್ಬ ಹುತ್ತರಿ ಹೊತ್ತಿನ, ಅಂದರೆ ನವೆಂಬರ್ ಡಿಸೆಂಬರ್‌ನ ಮಡಿಕೇರಿ. ಆಗ ಈ ಊರನ್ನು ಯಾರು ಬೇಕಾದರೂ ಹೊಗಳುತ್ತಾರೆ.

ಕೇಳಬೇಕಾದ್ದು ಬಾಡಿಗೆಗೆ ಇರುವವರನ್ನು. ವರ್ಗವಾಗಿ ಬಂದ ಬ್ಯಾಂಕಿನವರು, ಟೀಚರ್‌ಗಳು, ನರ್ಸ್‌ಗಳು. ಇವರು ಬೇರೆ ಊರನ್ನೂ ಕಂಡಿರುತ್ತಾರೆ, ಹೋಲಿಸಿ ಹೇಳುತ್ತಾರೆ, ಊರಿನ ಮಾನದ ಹಂಗೂ ಇರುವುದಿಲ್ಲ. ಆಮೇಲೆ ಮೆಡಿಕಲ್ ಶಾಪಿನವರು. ಆಟೋದವರು. ಶುಕ್ರವಾರದ ಸಂತೆಯಲ್ಲಿ ತರಕಾರಿ ಆರಿಸುತ್ತಾ ನಿಂತ ಗೃಹಿಣಿಯರು ಸಿಕ್ಕರೆ ಬಿಡಬೇಡಿ, ಅರ್ಧ ಗಂಟೆಯಲ್ಲಿ ನಿಮಗೆ ಊರಿನ ಪೂರ್ತಿ ಲೆಕ್ಕ ಸಿಗುತ್ತದೆ.

ಕೇಳುವಾಗ "ಒಳ್ಳೆಯದೇನು, ಕೆಟ್ಟದ್ದೇನು" ಅಂತ ಕೇಳಬೇಡಿ. ನಡೆದದ್ದನ್ನು ಕೇಳಿ. "ಹೋದ ಜುಲೈನಲ್ಲಿ ಬಟ್ಟೆ ಎಲ್ಲಿ ಒಣಗಿಸಿದಿರಿ?" ಇದು ನನ್ನ ಅಚ್ಚುಮೆಚ್ಚಿನ ಪ್ರಶ್ನೆ. ಉತ್ತರದಲ್ಲಿ ಇಡೀ ಮನೆಯೇ ಕಾಣುತ್ತದೆ. ಹಾಲ್‌ನಲ್ಲಿ ಉದ್ದಕ್ಕೂ ಹಗ್ಗ, ಅದರ ಕೆಳಗೆ ಟೇಬಲ್ ಫ್ಯಾನ್, ಬೆಳಿಗ್ಗೆ ಎದ್ದು ಒದ್ದೆ ಯೂನಿಫಾರಂಗೆ ಇಸ್ತ್ರಿ ಹಾಕಿದರೆ ಏಳುವ ಹಬೆ. ಸೌದೆ ಒಲೆ ಇರುವ ಹಳೇ ಮನೆಯವರು ಇದರಲ್ಲಿ ಪುಣ್ಯವಂತರು, ಒಲೆ ಮೇಲಿನ ಅಟ್ಟದಲ್ಲಿ ಎಲ್ಲ ಒಣಗುತ್ತದೆ, ಶರ್ಟಿಗೆ ಹೊಗೆ ವಾಸನೆ ಬರುತ್ತದೆ ಅಷ್ಟೇ. ಬೀರುವಿನ ಹಿಂದಿನ ಗೋಡೆ ನೋಡಬಹುದಾ ಅಂತಲೂ ಕೇಳಿ. ಬೂಸ್ಟು ಹಿಡಿದಿದೆಯಾ, ಚಪ್ಪಲಿ, ಬೆಲ್ಟ್ ಬೆಳ್ಳಗಾಗಿವೆಯಾ? ಕೆಲವು ಮನೆಗಳಲ್ಲಿ ಗಾಳಿ ಮಳೆ ಬಡಿಯುವ ಬದಿಯ ಗೋಡೆಗೆ ಹೊರಗಿನಿಂದ ಶೀಟ್ ಹೊಡೆದಿರುತ್ತಾರೆ. ನೋಡೋಕೆ ಚೆಂದ ಇರಲ್ಲ. ಆದರೆ ಆ ಮನೆಯ ಯಜಮಾನನಿಗೆ ಮಳೆ ಗೊತ್ತು ಅಂತ ಅರ್ಥ, ಬಾಡಿಗೆ ಒಂದೇ ಆದರೆ ಅದನ್ನೇ ತಗೊಳ್ಳಿ.

ಮಳೆ ಬಗ್ಗೆ ಇನ್ನೂ ಎರಡು ಕೇಳಬೇಕು. ಒಂದು, ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ. ಮರ ಬಿದ್ದು ಲೈನ್ ತುಂಡಾಗುವ ಜಿಲ್ಲೆ ಇದು. ಪೇಟೆಯೊಳಗೆ ಬೇಗ ಬರುತ್ತದೆ, ಸ್ವಲ್ಪ ಹೊರಗೆ ಹೋದರೆ ದಿನಗಟ್ಟಲೆ ಇಲ್ಲದಿರುವುದೂ ಉಂಟು. ಮನೆಯಿಂದ ಕೆಲಸ ಮಾಡುವವರು ಇದನ್ನು ಒಬ್ಬರನ್ನು ಕೇಳಿ ಸುಮ್ನಾಗಬೇಡಿ, ಅದೇ ಬೀದಿಯಲ್ಲಿ ನಾಲ್ಕು ಮನೆ ಕೇಳಿ. ಇನ್ನೊಂದು, ಮಕ್ಕಳ ರಜೆ. ಮಳೆ ಜೋರಾದರೆ ಜಿಲ್ಲಾಡಳಿತ ರಜೆ ಕೊಡುತ್ತದೆ, ರಾತ್ರಿ ಮೊಬೈಲ್‌ಗೆ ಮೆಸೇಜ್ ಬರುತ್ತದೆ, ಮಕ್ಕಳು ಕುಣಿಯುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ ದಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. "2018ರ ಆಗಸ್ಟ್‌ನಲ್ಲಿ ಈ ಮನೆಯವರು ಎಲ್ಲಿದ್ದರು?" ಮನೆಯಲ್ಲೇ ಇದ್ದರಾ, ನೆಂಟರ ಮನೆಗೆ ಹೋಗಿದ್ದರಾ, ಪರಿಹಾರ ಕೇಂದ್ರದಲ್ಲಿದ್ದರಾ? ಆ ಸಲ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದು ಎಲ್ಲರಿಗೂ ಗೊತ್ತು, ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರದಂಥ ಇಳಿಜಾರಿನ ಬಡಾವಣೆಗಳಲ್ಲೂ ಮನೆಗಳು ಹೋದವು. ಈ ಪ್ರಶ್ನೆಗೆ ಮನೆ ಮಾಲೀಕರು ಮಾತು ತಪ್ಪಿಸಿದರೆ ಪಕ್ಕದ ಮನೆಯವರನ್ನು ಕೇಳಿ. ಅವರು ಮರೆತಿರುವುದಿಲ್ಲ.

ಕೇಳಿದ್ದು ಸಾಲದು, ಜಾಗವನ್ನೂ ನೋಡಬೇಕು. ಮನೆ ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ನೇರ ಕಡಿದಿದ್ದಾರಾ? ಕಡಿದ ಮಣ್ಣನ್ನೇ ಮುಂದೆ ಸುರಿದು ಅಂಗಳ ಮಾಡಿದ್ದಾರಾ? ಹಾಗೆ ತುಂಬಿಸಿದ ಮಣ್ಣು ನೀರು ಕುಡಿದರೆ ಭಾರವಾಗಿ ಕೂರುತ್ತದೆ, ಜಾರುತ್ತದೆ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಗೆ ಬರಲು ತೂತುಗಳಿವೆಯಾ ನೋಡಿ. ತೂತಿಲ್ಲದ ಗೋಡೆಯ ಹಿಂದೆ ನೀರು ನಿಂತು ಗೋಡೆಯನ್ನೇ ತಳ್ಳುತ್ತದೆ. ವಾಲಿದ ಕರೆಂಟ್ ಕಂಬ, ಅಂಗಳದಲ್ಲಿ ಉದ್ದ ಬಿರುಕು, ಮಳೆಗಾಲದಲ್ಲಿ ಹೊಸದಾಗಿ ಏಳುವ ಒರತೆ, ಇವು ಕಂಡರೆ ಎಷ್ಟೇ ಚೆಂದದ ವ್ಯೂ ಇದ್ದರೂ ಮುಂದಿನ ಮನೆಗೆ ನಡೆಯಿರಿ. ವ್ಯೂ ಇರುವ ಕಡೆಯೇ ಈ ತೊಂದರೆ ಜಾಸ್ತಿ.

ಮುಂದಿನದು ಆಸ್ಪತ್ರೆ. "ಊರಲ್ಲಿ ಒಳ್ಳೆ ಆಸ್ಪತ್ರೆ ಇದೆಯಾ" ಅಂದರೆ ಇದೆ ಅನ್ನುತ್ತಾರೆ. ನಿಜವೇ, 2016ರಿಂದ ಇಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಆದರೆ "ಮನೆಯಲ್ಲಿ ಹಿರಿಯರಿಗೆ ಎದೆ ನೋವು ಬಂದಾಗ ಎಲ್ಲಿಗೆ ಕರೆದುಕೊಂಡು ಹೋದಿರಿ?" ಅಂತ ಕೇಳಿ. ಬಹಳ ಸಲ ಉತ್ತರ ಮೈಸೂರು, ಇಲ್ಲವೇ ಮಂಗಳೂರು. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಇನ್ನೂ ಸ್ವಲ್ಪ ದೂರ, ಜೊತೆಗೆ ಸಂಪಾಜೆ ಘಾಟಿ ಇಳಿಯಬೇಕು. 2018ರಲ್ಲಿ ಆ ಘಾಟಿ ರಸ್ತೆ ಕುಸಿದು ಬಹಳ ದಿನ ಬಂದ್ ಆಗಿತ್ತು. ಜಿಲ್ಲೆಯಲ್ಲಿ ರೈಲು ಇಲ್ಲವೇ ಇಲ್ಲ, ರಸ್ತೆ ಒಂದೇ ಗತಿ. ವಯಸ್ಸಾದ ಅಪ್ಪ ಅಮ್ಮನನ್ನು "ತಂಪಾದ ಊರು, ಆರಾಮಾಗಿರಲಿ" ಅಂತ ಕರೆತರುವವರು ಇದನ್ನು ಎರಡು ಸಲ ಯೋಚಿಸಬೇಕು. ಚಳಿಗೆ ಮಂಡಿ ನೋವು ಜಾಸ್ತಿಯಾಗುವುದು ಬೇರೆ ಕಥೆ.

ಓದು, ಕೆಲಸದ ಬಗ್ಗೆ ಒಂದೇ ಪ್ರಶ್ನೆ ಸಾಕು. "ನಿಮ್ಮ ಮಗ, ಮಗಳು ಈಗ ಎಲ್ಲಿದ್ದಾರೆ?" ಹತ್ತು ಮನೆ ಕೇಳಿ, ನೀವೇ ಲೆಕ್ಕ ಹಾಕಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಇಲ್ಲಿಯವರು ಊರು ಬಿಡುವುದಿಲ್ಲ ಯಾಕೆ ಅಂತ ಅನಿಸುತ್ತದೆ ಅಲ್ವಾ? ಅದನ್ನೂ ಕೇಳಿ. ಗಾಳಿ ಚೆನ್ನಾಗಿದೆ ಅನ್ನುವುದು ಮೊದಲ ಉತ್ತರ, ಅದು ಎಲ್ಲರೂ ಹೇಳುವುದೇ. ಸ್ವಲ್ಪ ಮಾತು ಬೆಳೆಸಿದರೆ ಬೇರೆಯದು ಹೊರಗೆ ಬರುತ್ತದೆ. ಕಚೇರಿ, ಬ್ಯಾಂಕ್, ಶಾಲೆ, ಮಾರ್ಕೆಟ್ ಎಲ್ಲ ನಡೆದು ಮುಗಿಸಬಹುದು. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಮತ್ತೆ ಕೆಲಸಕ್ಕೆ ಹೋಗಬಹುದು, ಬೆಂಗಳೂರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಮಗು ಬಸ್ಸಿಂದ ತಪ್ಪಾದ ಕಡೆ ಇಳಿದರೆ ಯಾರೋ ಗುರುತು ಹಿಡಿದು ಮನೆಗೆ ಬಿಡುತ್ತಾರೆ. ಅದೇ ಗುರುತಿನ ಇನ್ನೊಂದು ಮುಖ, ನೀವು ಸಂಜೆ ಯಾರ ಜೊತೆ ಕಾಫಿ ಕುಡಿದಿರಿ ಅನ್ನುವುದು ನಿಮಗಿಂತ ಮೊದಲೇ ಮನೆ ತಲುಪಿರುತ್ತದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ ಎಲ್ಲ ಒಂದೇ ಅಂಗಡಿಯಲ್ಲಿ ಕೇಳುತ್ತದೆ. ಹೊಸಬರಿಗೆ ಕನ್ನಡ ಸಾಕು.

ಒಂದೇ ಸಂಗತಿಗೆ ಇಬ್ಬರು ಉಲ್ಟಾ ಹೇಳಿದರೆ ಗಾಬರಿಯಾಗಬೇಡಿ, ಅವರ ಮನೆ ಎಲ್ಲಿದೆ ನೋಡಿ. ಟೂರಿಸ್ಟ್ ವಿಷಯವನ್ನೇ ತಗೊಳ್ಳಿ. ಕಾಫಿಪುಡಿ, ಚಾಕಲೇಟ್ ಅಂಗಡಿಯವರಿಗೆ ಶನಿವಾರ ಹಬ್ಬ. ರಾಜಾಸೀಟ್ ಹತ್ತಿರ ಮನೆ ಇರುವವರು ಅದೇ ಶನಿವಾರ ಕಾರು ಹೊರಗೆ ತೆಗೆಯೋಕಾಗದೆ ಬೈಯುತ್ತಿರುತ್ತಾರೆ. ದಸರಾದಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುವ ದಶಮಂಟಪದ ರಾತ್ರಿಯೂ ಅಷ್ಟೇ, ಮೆರವಣಿಗೆ ದಾರಿಯಲ್ಲಿ ಮನೆ ಇದ್ದರೆ ಬೆಳಗಿನವರೆಗೂ ನಿದ್ದೆ ಇಲ್ಲ. (ನಾನಂತೂ ನಿದ್ದೆ ಬಿಟ್ಟು ನೋಡುವ ಪೈಕಿ.) ಬಾಡಿಗೆದಾರರ ದೊಡ್ಡ ದೂರು ಮಾತ್ರ ಬೇರೆ. ದಿನದ ಲೆಕ್ಕದಲ್ಲಿ ಟೂರಿಸ್ಟ್‌ಗೆ ಕೊಟ್ಟರೆ ದುಡ್ಡು ಜಾಸ್ತಿ ಬರುವಾಗ ತಿಂಗಳ ಬಾಡಿಗೆಗೆ ಮನೆ ಕೊಡುವವರು ಕಡಿಮೆಯಾಗಿದ್ದಾರೆ. ಹಾಗಾಗಿ ಈ ಮನೆಯನ್ನು ಮುಂದೆ ಹೋಂಸ್ಟೇ ಮಾಡುವ ಯೋಚನೆ ಇದೆಯಾ ಅಂತ ಮಾಲೀಕರನ್ನು ನೇರ ಕೇಳಿ.

ಇಷ್ಟು ಕೇಳಿದ ಮೇಲೆ ಕೆಲವರು ಕುಶಾಲನಗರವೇ ವಾಸಿ ಅಂತ ತೀರ್ಮಾನಿಸುತ್ತಾರೆ. ತಪ್ಪಿಲ್ಲ. ಮಳೆ ಬಹಳ ಕಡಿಮೆ, ನೆಲ ಸಮ, ಮೈಸೂರು ಹತ್ತಿರ. ಆದರೆ ಅಲ್ಲಿ ಪ್ರಶ್ನೆ ಗುಡ್ಡದ್ದಲ್ಲ, ಹೊಳೆಯದ್ದು. 2018, 2019ರಲ್ಲಿ ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನುಗ್ಗಿತ್ತು. ನೀರು ಗೋಡೆಯ ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ಕೇಳಿ, ಕೈಯಲ್ಲೇ ತೋರಿಸುತ್ತಾರೆ.

ಕೊನೆಗೆ, ಸೈಟ್ ತಗೊಳ್ಳುವ ಆತುರ ಬೇಡ. ಮೊದಲು ಬಾಡಿಗೆಗೆ ಬನ್ನಿ, ಕರಾರು ಜೂನ್ 1ರಿಂದ ಶುರುವಾಗುವಂತೆ ನೋಡಿಕೊಳ್ಳಿ. ಹನ್ನೊಂದು ತಿಂಗಳ ಕರಾರು ಅಂದರೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಇಡೀ ಮಳೆಗಾಲ ಅದರಲ್ಲಿ ಬಂದುಹೋಗುತ್ತದೆ, ಊರಿಗೆ ನೀರು ಕೊಡುವ ಕೂಟುಹೊಳೆ ಬತ್ತಿ ನಲ್ಲಿಯಲ್ಲಿ ನೀರು ಕಡಿಮೆಯಾಗುವ ಬೇಸಿಗೆಯೂ ಬರುತ್ತದೆ. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೆ ತೊಂದರೆಯಾ ಅಂತ ಹೊಸಬರು ನಂಬುವುದಿಲ್ಲ, ಬಿದ್ದ ನೀರೆಲ್ಲ ಇಳಿಜಾರಲ್ಲಿ ಹರಿದು ಹೋಗಿರುತ್ತದೆ. ಸಂಪ್ ಎಷ್ಟು ಲೀಟರಿಂದು ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿಕೊಳ್ಳಿ.