ಮರ ಇರುವ ಬೀದಿಯಲ್ಲಿ ಮನೆ ಮಾರುವುದು

ಹಾಸನದಲ್ಲಿ ಮನೆ, ಸೈಟು ವ್ಯಾಪಾರ ಮಾಡಿಸುವವನು ನಾನು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರದಲ್ಲಿ ಬಡಾವಣೆ, ರಸ್ತೆಗೆಲ್ಲ ಲೆಕ್ಕವಿದೆ, ಮನೆ ಮುಂದಿನ ಮರಕ್ಕಿಲ್ಲ. ಆದರೂ ಒಂದೇ ಅಳತೆಯ ಎರಡು ಮನೆಗಳಲ್ಲಿ ಮರವಿರುವ ಬೀದಿಯದೇ ಮೊದಲು ಕುದುರುವುದನ್ನು ನೋಡುತ್ತ ಬಂದಿದ್ದೇನೆ.

ವಿದ್ಯಾನಗರದ ಕಡೆ ನಿವೃತ್ತ ಮೇಷ್ಟ್ರೊಬ್ಬರ ಮನೆ ಮಾರಾಟಕ್ಕೆ ಬಂತು. ಗೇಟಿನ ಪಕ್ಕ ದಪ್ಪ ಹೊಂಗೆ ಮರ. "ಮೊದ್ಲು ಇದನ್ನ ತೆಗೆಸಪ್ಪ, ಮನೆ ಎದ್ದು ಕಾಣ್ಲಿ" ಅಂದರು. "ಸಾರ್, ಅದು ನಿಮ್ಮ ಮರ ಅಲ್ಲ, ರಸ್ತೆ ಮರ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಇಲ್ದೆ ಕಡಿಯೋ ಹಾಗಿಲ್ಲ. ಮನೆ ಮಾರಿಕೊಡೋದೂ ಅದೇ" ಅಂದೆ. ಅವರ ಬೇಸರಕ್ಕೂ ಕಾರಣವಿತ್ತು. ಎಲೆ ಉದುರಿ ಮುಗಿಯಿತು ಅನ್ನುವಷ್ಟರಲ್ಲಿ ಹೂವು, ಆಮೇಲೆ ಕಾಯಿ. ಮನೆಯಾಕೆ ಪೊರಕೆ ಕೆಳಗಿಡುವ ಹಾಗಿಲ್ಲ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಡೊನೊವನ್, ಬುಟ್ರಿ ಎಂಬ ಸಂಶೋಧಕರು ಈ ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದ್ದಾರೆ. ರಸ್ತೆ ಮರಗಳಿಂದ ಮನೆ ಬೆಲೆ ಸರಾಸರಿ 8,870 ಡಾಲರ್ ಹೆಚ್ಚು, ಮಾರಾಟ 1.7 ದಿನ ಬೇಗ. ನನಗೆ ಹಿಡಿಸಿದ್ದು ಅವರ ಇನ್ನೊಂದು ಮಾತು: ಮರ ಯಾರ ಮನೆ ಮುಂದಿದೆಯೋ ಅವರಿಗಿಂತ, 100 ಅಡಿಯೊಳಗಿನ ಅಕ್ಕಪಕ್ಕದ ಮನೆಗಳಿಗೆಲ್ಲ ಸೇರಿ ಸಿಗುವ ಲಾಭವೇ ಜಾಸ್ತಿ. ಮೇಷ್ಟ್ರ ಹೆಂಡತಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಅವ್ರೂ ಬಂದು ಗುಡಿಸ್ಲಿ" ಅಂದರು. ಆ ಡಾಲರನ್ನು ಹಾಸನಕ್ಕೆ ತಂದು ಗುಣಿಸಬಾರದು, ಬಿಡಿ. ನಮ್ಮದು ಬಡವರ ಊಟಿ. ಮಳೆಗಾಲದಲ್ಲಿ ಬಟ್ಟೆ ಒಣಗಿದರೆ ಸಾಕು, ನೆರಳು ಯಾರಿಗೆ ಬೇಕು?

ಅದಕ್ಕೇ ಇಂಥ ಮನೆಯನ್ನು ನಾನು ತೋರಿಸುವುದು ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರರ ಮೇಲೆ. ಮೇಷ್ಟ್ರದು ಪಶ್ಚಿಮದ ಬಾಗಿಲು. ಆ ದಿಕ್ಕಿಗೆ ಮೊದಲೇ ಗಿರಾಕಿ ಕಡಿಮೆ. ಬಂದವರನ್ನು ಮೊದಲು ಹಿಂದಿನ ಬೀದಿಯ, ಮರವಿಲ್ಲದ ಪಶ್ಚಿಮದ ಮನೆಗೇ ಕರೆದೊಯ್ದೆ. ಅಲ್ಲಿ ಹಾಲ್‌ನ ಗೋಡೆ ಮುಟ್ಟಿದರೆ ಕಾವು. ಇಲ್ಲಿಗೆ ಬಂದಾಗ ಜೊತೆಗಿದ್ದ ಅಜ್ಜಿ ಮೆಟ್ಟಿಲ ಮೇಲೆ ಕೂತು, "ನಾನಿಲ್ಲೇ ಇರ್ತೀನಿ, ನೀವು ಒಳಗೆ ನೋಡ್ಕಂಬನ್ನಿ" ಅಂದರು. ಅರ್ಧ ವ್ಯಾಪಾರ ಅಲ್ಲೇ ಮುಗಿದಿತ್ತು.

ಉಳಿದರ್ಧ ಕಷ್ಟದ್ದು. "ಬಾಗ್ಲಿಗೆ ಎದುರಾಗಿ ಮರ ಇದ್ರೆ ವೇಧೆ, ವಾಸ್ತು ದೋಷ ಅಂತಾರಲ್ಲ?" ಎಂದರು ಅಜ್ಜಿಯ ಮಗ. ಅವರನ್ನೇ ಹೊಸ್ತಿಲ ಮೇಲೆ ನಿಲ್ಲಿಸಿದೆ. ಮರದ ಬುಡ ರೂಮಿನ ಕಿಟಕಿಯ ನೇರಕ್ಕಿತ್ತು, ಬಾಗಿಲಿಗಲ್ಲ. ಬಾಗಿಲಿಗೇ ನೇರವಿದ್ದಿದ್ದರೆ ಅವರನ್ನು ಕರೆತರುತ್ತಲೇ ಇರಲಿಲ್ಲ. ವಾಸ್ತು ನೋಡುವವರ ಹತ್ತಿರ ವಾದ ಮಾಡಿ ಮನೆ ಮಾರಲಾಗದು. ಆಮೇಲೆ ನೀರಿನ ಸಂಪು, ಒಳಚರಂಡಿಯ ಯುಜಿಡಿ ಚೇಂಬರ್ ಎರಡರ ಮುಚ್ಚಳವನ್ನೂ ನಾನೇ ತೆಗೆದು, ಬೇರು ನುಗ್ಗಿಲ್ಲವೆಂದು ತೋರಿಸಿದೆ. ಕಾಂಪೌಂಡಿನ ಸಣ್ಣ ಬಿರುಕನ್ನೂ ಮುಚ್ಚಿಡಲಿಲ್ಲ. ಗಿರಾಕಿಯೇ ಹುಡುಕಿ ತೆಗೆದರೆ ಬೆಲೆ ಬೀಳುತ್ತದೆ. ಗುಲ್‌ಮೊಹರ್ ಆಗಿದ್ದರೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಅದರ ಬೇರು ಮೇಲೆಮೇಲೆ ಹರಡಿ ಚಪ್ಪಡಿ ಎಬ್ಬಿಸುತ್ತದೆ, ಜೋರು ಗಾಳಿಗೆ ಕೊಂಬೆ ಮುರಿಯುತ್ತದೆ.

ಅಂಗಡಿ ಬೀದಿಯ ಲೆಕ್ಕ ಪೂರಾ ಉಲ್ಟಾ. ಬಿ.ಎಂ. ರಸ್ತೆಯಲ್ಲಿ ಮಳಿಗೆ ಕೇಳುವವರಿಗೆ ಮರವೆಂದರೆ ಬೋರ್ಡ್ ಮುಚ್ಚುವ ಅಡ್ಡಿ, ಅಷ್ಟೆ.

ಮುಂಗಡದ ಮಾತಿನ ಹೊತ್ತಿಗೆ ಕೊಳ್ಳುವವರಿಗೆ ಒಂದನ್ನು ಬಿಡಿಸಿ ಹೇಳುತ್ತೇನೆ: ಬ್ಯಾಂಕಿನಿಂದ ಬರುವ ಇಂಜಿನಿಯರ್ ಜಾಗ ಅಳೆಯುತ್ತಾರೆ, ಕಟ್ಟಡದ ವಯಸ್ಸು ಕಳೆಯುತ್ತಾರೆ; ನೆರಳಿಗೆಂದು ನೀವು ಒಪ್ಪಿದ ಹೆಚ್ಚಿನ ದುಡ್ಡಿಗೆ ಸಾಲ ಹುಟ್ಟುವುದಿಲ್ಲ, ಕೈಯಿಂದಲೇ ಹಾಕಬೇಕು. ಅಜ್ಜಿಯ ಮಗ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ನೋಂದಣಿಗೆ ಒಂದು ತಿಂಗಳು ಜಾಸ್ತಿ ಟೈಮ್ ಕೇಳಿದರು. ಮೇಷ್ಟ್ರು ಕೊಟ್ಟರು.